ಇನ್ನೂರು ಇಂಚು ಮಳೆಯ ಊರಲ್ಲೂ ಮಣ್ಣು ಬಡವಾಗುತ್ತದೆ

ಪ್ರಶ್ನೆ: ಜೂನ್ 17 ಬಂದರೆ ಮರುಭೂಮಿ ತಡೆಯುವ ದಿನ ಅಂತ ಕಾರ್ಯಕ್ರಮ ಮಾಡುತ್ತಾರೆ. ನಮ್ಮದು ಭಾಗಮಂಡಲದ ಕಡೆ. ವರ್ಷಕ್ಕೆ 200 ಇಂಚು ದಾಟಿ ಮಳೆ ಸುರಿಯುತ್ತದೆ. ನಮಗೂ ಇದಕ್ಕೂ ಏನು ಸಂಬಂಧ? ಸರ್ಕಾರ ಈ ವಿಷಯದಲ್ಲಿ ನಿಜಕ್ಕೂ ಏನಾದರೂ ಮಾಡುತ್ತಿದೆಯಾ?
– ಕಾಫಿ ಬೆಳೆಗಾರರು, ಮಡಿಕೇರಿ ತಾಲ್ಲೂಕು

ಉತ್ತರ: 1994ರ ಜೂನ್ 17ರಂದು ಪ್ಯಾರಿಸ್‌ನಲ್ಲಿ ಒಪ್ಪಿಗೆಯಾದ, ಮರುಭೂಮಿ ಹರಡುವುದನ್ನು ತಡೆಯುವ ವಿಶ್ವಸಂಸ್ಥೆಯ ಒಪ್ಪಂದ ಮುಖ್ಯವಾಗಿ ಒಣ ನಾಡುಗಳಿಗೆ ಸೇರಿದ್ದು. ಆ ಅರ್ಥದಲ್ಲಿ ಕೊಡಗು ಅದರೊಳಗೆ ಬರುವುದಿಲ್ಲ. ನಿಮ್ಮ ತೋಟ ರಾಜಸ್ಥಾನ ಆಗುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ.

ಆದರೆ ಭಾರತ 1996ರಲ್ಲಿ ಈ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಟ್ಟಿತು. ಈಗ ನಮ್ಮ ದೇಶ ಇಡುವ ಲೆಕ್ಕದಲ್ಲಿ ಮರಳಿನ ಜೊತೆಗೆ ಹಾಳಾದ ಎಲ್ಲ ಬಗೆಯ ನೆಲವೂ ಸೇರಿದೆ. ಇಸ್ರೋದ ಅಹಮದಾಬಾದ್ ಕೇಂದ್ರ 2021ರಲ್ಲಿ ತಂದ ನಕ್ಷೆ ಪುಸ್ತಕದ ಪ್ರಕಾರ 2018-19ರಲ್ಲಿ 9 ಕೋಟಿ 78 ಲಕ್ಷ ಹೆಕ್ಟೇರ್ ನೆಲ ಹಾಳಾಗಿತ್ತು, ಅಂದರೆ ದೇಶದ ನೆಲದ ಶೇ 29.77. ಅದಕ್ಕೂ ಹಿಂದಿನ 2011-13ರ ಲೆಕ್ಕ 9 ಕೋಟಿ 64 ಲಕ್ಷ. ಇಷ್ಟು ಸಣ್ಣ ಅವಧಿಯಲ್ಲಿ ಮೂರೂವರೆ ಕೊಡಗಿನಷ್ಟು ನೆಲ ಹಾಳಾಗಿದೆ. ನೀವು ಗಮನಿಸಬೇಕಾದ್ದು ಇನ್ನೊಂದಿದೆ. ಇದಕ್ಕೆ ದೇಶದಲ್ಲಿ ಅತಿ ದೊಡ್ಡ ಕಾರಣ ಗಾಳಿಯಲ್ಲ, ನೀರು. ಹರಿಯುವ ಮಳೆನೀರು ಮೇಲ್ಮಣ್ಣು ಕೊಚ್ಚಿಕೊಂಡು ಹೋಗುವುದು. ಅದು ನಮ್ಮದೇ ಕಥೆ ಅಲ್ವಾ?

ಸರ್ಕಾರ ಸುಮ್ನೆ ಕೂತಿಲ್ಲ. ಜೋಧ್‌ಪುರದ ಮರುಭೂಮಿ ಸಂಶೋಧನಾ ಕೇಂದ್ರ 1959ರಿಂದಲೇ ಇದೆ. 1973-74ರಲ್ಲಿ ಬರಪೀಡಿತ ಪ್ರದೇಶ ಯೋಜನೆ ಬಂತು, 1977-78ರಲ್ಲಿ ಮರುಭೂಮಿ ಅಭಿವೃದ್ಧಿ ಯೋಜನೆ. 2009-10ರಲ್ಲಿ ಇಂಥವನ್ನೆಲ್ಲ ಸೇರಿಸಿ ಒಂದೇ ಜಲಾನಯನ (ಒಂದು ಹಳ್ಳಕ್ಕೆ ನೀರು ಹರಿದು ಬರುವ ಇಡೀ ಪ್ರದೇಶ) ಕಾರ್ಯಕ್ರಮ ಮಾಡಿದರು. ಈಗ ಅದು ಕೇಂದ್ರದ ಕೃಷಿ ಸಿಂಚಾಯಿ (ನೀರಾವರಿ) ಯೋಜನೆಯ ಭಾಗ. 2019ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಈ ಒಪ್ಪಂದದ ಜಾಗತಿಕ ಸಮ್ಮೇಳನ ನಡೆದಾಗ, 2030ರೊಳಗೆ 2 ಕೋಟಿ 60 ಲಕ್ಷ ಹೆಕ್ಟೇರ್ ನೆಲವನ್ನು ಸರಿಪಡಿಸುವುದಾಗಿ ಭಾರತ ಮಾತು ಕೊಟ್ಟಿತು. ಮೊದಲಿನ ಗುರಿ 2 ಕೋಟಿ 10 ಲಕ್ಷ ಇತ್ತು.

ಇವುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಜಲಾನಯನದ ದಾರಿ. ಗುಡ್ಡದ ನೆತ್ತಿಯಿಂದ ಕೆಲಸ ಶುರು ಮಾಡಿ ಕೆಳಗಿನ ಹಳ್ಳದವರೆಗೆ ಬರುವುದು. ಒಬ್ಬರ ಜಾಗ, ಇನ್ನೊಬ್ಬರ ಜಾಗ ಅಂತ ನೀರು ನೋಡುವುದಿಲ್ಲ. ಆದರೆ ಇದರ ಕೆಲಸದ ಪಟ್ಟಿ ಬಯಲುಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ್ದು. ಕೋಲಾರದಲ್ಲಿ ಬಿದ್ದ ಹನಿಯನ್ನೆಲ್ಲ ನಿಲ್ಲಿಸಬೇಕು. ನಮ್ಮಲ್ಲಿ ಜುಲೈ, ಆಗಸ್ಟ್‌ನ ನೀರನ್ನು ಮಣ್ಣನ್ನು ಇಲ್ಲೇ ಬಿಟ್ಟು ಇಳಿದು ಹೋಗುವಂತೆ ಮಾಡಬೇಕು. ಈ ವ್ಯತ್ಯಾಸ ಹಿಡಿಯದಿದ್ದರೆ ಒಳ್ಳೆಯ ಯೋಜನೆಯೂ ಇಲ್ಲಿ ಕೆಡುತ್ತದೆ.

ಇನ್ನೊಂದು ತೊಡಕು. ನಕ್ಷೆ ಮಾಡುವ ಉಪಗ್ರಹಕ್ಕೆ ಕಾಣುವುದು ಮರದ ನೆತ್ತಿ. ಮೇಲಿನಿಂದ ನಮ್ಮ ಜಿಲ್ಲೆ ಹಸಿರೋ ಹಸಿರು. ಕೆಳಗೆ ಮಣ್ಣು ಹೋಗಿರುವುದು ನಿಮಗೇ ಕಾಣಬೇಕು. ಜೋರು ಮಳೆ ನಿಂತ ಮೇಲೆ ಒಂದು ಕಾಫಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಸಣ್ಣ ಕಲ್ಲೊಂದು ಮಣ್ಣಿನ ಪುಟ್ಟ ಕಂಬದ ಮೇಲೆ ನಿಂತಂತಿದ್ದರೆ, ಆ ಕಂಬದ ಎತ್ತರದಷ್ಟು ಮಣ್ಣು ಸುತ್ತಲಿಂದ ಹೋಗಿದೆ ಎಂದರ್ಥ. ಕೂದಲಿನಂಥ ಬಿಳಿ ಬೇರು ಹೊರಗೆ ಕಂಡರೂ ಅದೇ. ಕಾಫಿ ಗಿಡ ಊಟ ಮಾಡುವ ಬೇರು ಹೆಚ್ಚಿನದೆಲ್ಲ ಮೇಲಿನ ಒಂದಡಿಯಲ್ಲೇ ಇರುತ್ತದೆ. ತೋಡಿನ (ಮಳೆನೀರು ಹರಿಯುವ ಸಣ್ಣ ಹಳ್ಳದ) ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕೂತಿರುವುದು ನೀವು ದುಡ್ಡು ಕೊಟ್ಟು ಹಾಕಿದ ಗೊಬ್ಬರವನ್ನೂ ಸೇರಿಸಿಕೊಂಡ ಮಣ್ಣು.

ಪ್ರಶ್ನೆ: ನಮ್ಮ ತೋಟ ಕಡಿದಾದ ಇಳಿಜಾರಿನಲ್ಲಿದೆ. ಇಂಗುಗುಂಡಿ ತೆಗೆಸಿದರೆ ಮಣ್ಣೂ ಉಳಿಯುತ್ತದೆ, ಬೇಸಿಗೆಯಲ್ಲಿ ನೀರೂ ಸಿಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. 2018ರ ಗುಡ್ಡ ಕುಸಿತ ನೋಡಿದ ಮೇಲೆ ಭಯ. ಏನು ಮಾಡಲಿ?
– ಮಕ್ಕಂದೂರು ಕಡೆಯ ಓದುಗರು

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ದೊಡ್ಡ ಇಂಗುಗುಂಡಿ ಬೇಡ. ಕಡಿದಾದ ಬರೆಯ (ಗುಡ್ಡದ ಇಳಿಜಾರಿನ) ಮೇಲೆ ನೀರು ನಿಲ್ಲಿಸಿದರೆ ಅದು ಒಳಗಿನ ಸಡಿಲ ಮಣ್ಣಿಗೆ ಇಳಿಯುತ್ತದೆ. ಕೆಳಗೆ ಗಟ್ಟಿ ಪದರ ಸಿಕ್ಕಿದಲ್ಲಿ ನಿಲ್ಲುತ್ತದೆ. ಮೇಲಿನ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ, ಇಡೀ ಹೋಳು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ನಿಮ್ಮ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದು ಬಂದದ್ದಕ್ಕೆ ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ಕಡಿದದ್ದೂ ಕಾರಣ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಹೇಳಿತ್ತು.

ಕುಶಾಲನಗರ, ಶಿರಂಗಾಲದ ಕಡೆಯ ಚಪ್ಪಟೆ ಜಾಗದಲ್ಲಿ ಮಳೆ ಕಡಿಮೆ, ಅಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಬೇರೆ ಲೆಕ್ಕ. ಇಳಿಜಾರು ಹದವಾಗಿರುವ ಕಡೆ ನಾಲ್ಕು ಗಿಡಗಳ ನಡುವೆ ತೊಟ್ಟಿಲು ಗುಂಡಿ (ತೊಟ್ಟಿಲಿನ ಆಕಾರದ ಸಣ್ಣ ಗುಂಡಿ) ಸಾಕು. ಅದೂ ಇಳಿಜಾರಿಗೆ ಅಡ್ಡಲಾಗಿ, ಒಂದರ ಕೆಳಗೆ ಒಂದು ಬಾರದಂತೆ. ತೀರಾ ಕಡಿದಾದ ಜಾಗದಲ್ಲಿ ಅದೂ ಬೇಡ. ಅಲ್ಲಿ ಹಳೆಯ ಕಪ್ಪುಗಳನ್ನು (ನೀರು ಹೋಗುವ ಚರಂಡಿಗಳನ್ನು), ತೋಡುಗಳನ್ನು ಮೇ ತಿಂಗಳಲ್ಲೇ ಬಿಡಿಸಿ. ಅಜ್ಜಂದಿರ ಕಾಲದ ತೋಡಿನ ಮೇಲೆ ಮಣ್ಣು ತುಂಬಿ ಅಂಗಳ ಮಾಡಿದ್ದರೆ ದಯವಿಟ್ಟು ಬಿಡಿಸಿಕೊಡಿ. ನೀರಿಗೆ ಅದರ ದಾರಿ ಬೇಕು.

ನೆಲ ಬರಿದಾಗಿ ಇರಬಾರದು. ಮಳೆಗೆ ಮುಂಚೆ ಕಳೆನಾಶಕ ಹೊಡೆದು ತೋಟವನ್ನು ಅಂಗಳದ ಹಾಗೆ ಬೋಳು ಮಾಡುವ ಅಭ್ಯಾಸ ಜಾಸ್ತಿಯಾಗಿದೆ. ನನ್ನ ಮಟ್ಟಿಗೆ ನಮ್ಮ ಮಣ್ಣಿಗೆ ಇದಕ್ಕಿಂತ ದೊಡ್ಡ ಏಟಿಲ್ಲ. ಕಳೆಯನ್ನು ಕತ್ತಿಯಲ್ಲೋ ಯಂತ್ರದಲ್ಲೋ ಸವರಿ, ಬೇರು ನೆಲದಲ್ಲೇ ಇರಲಿ, ಸೊಪ್ಪು ಅಲ್ಲೇ ಬೀಳಲಿ. ಬರೀ ಸಿಲ್ವರ್ ಓಕ್ ಇದ್ದರೆ ಸಾಲದು, ಅದರ ತರಗೆಲೆ ಬೇಗ ಕೊಳೆಯುವುದಿಲ್ಲ. ಹಾಲುವಾಣ, ಹಲಸು, ಅತ್ತಿ, ನಂದಿ, ಹೊನ್ನೆ ಬೆರೆತಿರಲಿ. ಕೆಳಗಿನ ಗದ್ದೆಯನ್ನು ಆದಷ್ಟು ಗದ್ದೆಯಾಗಿಯೇ ಇಟ್ಟುಕೊಳ್ಳಿ. ಗುಡ್ಡದಿಂದ ಬಂದ ಮಣ್ಣು ಹೊಳೆ ಸೇರುವ ಮುಂಚೆ ಕೂರುವುದು ಅಲ್ಲೇ. ಅದು ತಪ್ಪಿದರೆ ಆ ಮಣ್ಣೆಲ್ಲ ಹಾರಂಗಿ ಜಲಾಶಯದ ಹೂಳು.

ಬರೆಯ ತಲೆಯಲ್ಲಿ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ಕೆಂಪಾಗಿ ಬಂದರೆ, ಮರಗಳು ವಾಲಿದರೆ ಮಣ್ಣಿನ ಕೆಲಸ ಮರೆತುಬಿಡಿ. ಮನೆಯವರನ್ನು ಕರೆದುಕೊಂಡು ಹೊರಡಿ, ಆಮೇಲೆ ಪಂಚಾಯತಿಗೆ ಫೋನ್ ಮಾಡಿ.

ಪ್ರಶ್ನೆ: ಮಣ್ಣು ಆರೋಗ್ಯ ಕಾರ್ಡ್ ಮಾಡಿಸಿದ್ದೇನೆ. ಅದನ್ನು ಓದುವುದು ಹೇಗೆ?
– ಪೊನ್ನಂಪೇಟೆಯ ಓದುಗರು

ಉತ್ತರ: 2015ರಲ್ಲಿ ಶುರುವಾದ ಈ ಕಾರ್ಡ್‌ನಲ್ಲಿ 12 ಅಂಶಗಳಿರುತ್ತವೆ. ಎಲ್ಲರೂ ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಮಡಚಿ ಇಡುತ್ತಾರೆ. ನೀವು ಮೊದಲು ಸಾವಯವ ಇಂಗಾಲ (ಕೊಳೆತ ಸೊಪ್ಪು, ಬೇರಿನಿಂದ ಮಣ್ಣಿಗೆ ಸೇರುವ ಸತ್ವ) ನೋಡಿ. ಮೇಲ್ಮಣ್ಣು ಹೋಗುತ್ತಿದ್ದರೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆಮೇಲೆ ರಸಸಾರ, ಅಂದರೆ ಮಣ್ಣಿನ ಹುಳಿ ಅಳೆಯುವ ಪಿಎಚ್; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ಮಳೆ ಸುಣ್ಣದ ಅಂಶ ತೊಳೆದು ಹುಳಿ ಮಣ್ಣು ಮಾಡುತ್ತದೆ. 6ಕ್ಕಿಂತ ತೀರಾ ಕೆಳಗಿದ್ದರೆ ಹಾಕಿದ ಗೊಬ್ಬರವೂ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ಎಷ್ಟು ಸುಣ್ಣ ಹಾಕಬೇಕೆಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಮುಂದಿನ ಸಲ ಮಾದರಿ ತೆಗೆಯುವಾಗ ಗೊಬ್ಬರ ಹಾಕಿ ಎರಡು ಮೂರು ತಿಂಗಳಾಗಿರಲಿ. ತರಗೆಲೆ ಸರಿಸಿ, ಒಂಬತ್ತು ಇಂಚು ಆಳದವರೆಗಿನ ಮಣ್ಣು ತೆಗೆಯಿರಿ. ಗುಡ್ಡದ ಮೇಲಿನದ್ದನ್ನೂ ಕೆಳಗಿನದ್ದನ್ನೂ ಬೆರೆಸಬೇಡಿ, ಎರಡು ಬೇರೆ ಚೀಲದಲ್ಲಿ ಕೊಡಿ.