ಸೋಲನ್‌ನ ಬ್ರೂವರಿ ಮತ್ತು ಮಧ್ಯಾಹ್ನದ ಊಟ

ಪ್ರಶ್ನೆ: ಬರುವ ಅಕ್ಟೋಬರ್‌ನಲ್ಲಿ ನಾವು ಮನೆಮಂದಿಯೆಲ್ಲ ಶಿಮ್ಲಾ ಪ್ರವಾಸಕ್ಕೆ ಹೊರಟಿದ್ದೇವೆ. ಕಾಲ್ಕಾದಿಂದ ಹೊರಡುವ ಪುಟ್ಟ ರೈಲಿನ ದಾರಿಯಲ್ಲಿ ‘ಸೋಲನ್ ಬ್ರೂವರಿ’ ಎಂಬ ನಿಲ್ದಾಣವೇ ಇದೆಯೆಂದು ತಿಳಿದಾಗಿನಿಂದ ನಮ್ಮ ತಂದೆಯವರು ಆ ಕಾರ್ಖಾನೆಯನ್ನು ನೋಡಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ಅವರು ದಾವಣಗೆರೆಯ ಬಟ್ಟೆ ಗಿರಣಿಯೊಂದರ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ಮದ್ಯ ಮುಟ್ಟಿದವರಲ್ಲ. ನಾವೆಲ್ಲ ಸಸ್ಯಾಹಾರಿಗಳು. ಬಿಯರ್ ಕಾರ್ಖಾನೆಗೆ ಹೋದೆವೆಂದರೆ ನಾಲ್ಕು ಜನ ಏನೆಂದಾರು ಎಂದು ತಾಯಿಯವರು ಅಳುಕುತ್ತಿದ್ದಾರೆ. ಹೋಗಬಹುದೇ? ಅಲ್ಲಿ ಊಟಕ್ಕೆ ಏನು ಸಿಗುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವಶ್ಯವಾಗಿ ಹೋಗಿ. ನಿಮ್ಮ ತಂದೆಯವರು ನೋಡಬಯಸುತ್ತಿರುವುದು ಬಾಟಲಿಯನ್ನಲ್ಲ, ಹಬೆ, ನೀರು ಮತ್ತು ಧಾನ್ಯದಿಂದ ನಡೆಯುವ ಒಂದು ಹಳೆಯ ಕಸುಬನ್ನು ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಗಿರಣಿಗಳ ಊರಿನಲ್ಲಿ ಬಾಯ್ಲರಿನ ಮುಂದೆ ಆಯುಷ್ಯ ಕಳೆದವರಿಗೆ ಇಂತಹ ಜಾಗದಲ್ಲಿ ಯಾರೂ ವಿವರಿಸದೆಯೇ ಅರ್ಧ ಸಂಗತಿ ಅರ್ಥವಾಗುತ್ತದೆ. ಕುಡಿಯದವರು ಬ್ರೂವರಿ ನೋಡುವುದರಲ್ಲಿ ಅಳುಕಬೇಕಾದದ್ದು ಏನೂ ಇಲ್ಲವೆಂದು ನಿಮ್ಮ ತಾಯಿಯವರಿಗೆ ತಿಳಿಸಿ.

ಈ ಕಾರ್ಖಾನೆಯ ಮೂಲವಿರುವುದು ಹತ್ತಿರದ ಕಸೌಲಿಯಲ್ಲಿ. ಎಡ್ವರ್ಡ್ ಡೈಯರ್ ಎಂಬಾತ 1855ರಲ್ಲಿ ಅಲ್ಲಿ ಬ್ರೂವರಿಯನ್ನು ಆರಂಭಿಸಿದ. ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿದ್ದ ಇಂಗ್ಲೆಂಡಿನ ಬಿಯರಿಗೆ ಬದಲಾಗಿ ಇಲ್ಲಿನ ಬ್ರಿಟಿಷ್ ಸೈನಿಕರಿಗೆ ಇಲ್ಲಿಯೇ ಬಿಯರ್ ತಯಾರಿಸಿ ಕೊಡುವುದು ಉದ್ದೇಶ. ಯಂತ್ರದ ಶೈತ್ಯಾಗಾರಗಳಿಲ್ಲದ ಆ ಕಾಲದಲ್ಲಿ ಬಯಲುಸೀಮೆಯ ಸೆಕೆಯಲ್ಲಿ ಹದವಾಗಿ ಹುದುಗು ಬರಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಬೆಟ್ಟದ ತಂಪೇ ಅವರಿಗೆ ಆಸರೆಯಾಯಿತು. ಮುಂದೆ, ಒಳ್ಳೆಯ ಚಿಲುಮೆ ನೀರು ಧಾರಾಳವಾಗಿದ್ದ ಸೋಲನ್‌ಗೆ ಬ್ರೂವರಿಯನ್ನು ಸಾಗಿಸಿ, ಕಸೌಲಿಯನ್ನು ಮದ್ಯ ಭಟ್ಟಿ ಇಳಿಸುವ ಕೆಲಸಕ್ಕೆ ಉಳಿಸಿಕೊಂಡರು. 1949ರಲ್ಲಿ ಎನ್.ಎನ್. ಮೋಹನ್ ಅವರು ಸಂಸ್ಥೆಯನ್ನು ಕೈಗೆ ತೆಗೆದುಕೊಂಡರು; ಮುಂದೆ 1960ರ ದಶಕದಲ್ಲಿ ಅದು ಮೋಹನ್ ಮೀಕಿನ್ ಎಂದು ಹೆಸರಾಯಿತು. ಜಲಿಯನ್‌ವಾಲಾ ಬಾಗ್‌ನಲ್ಲಿ 1919ರ ಏಪ್ರಿಲ್ 13ರಂದು ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ ಡೈಯರ್ ಈ ಎಡ್ವರ್ಡನ ಮಗನೆಂಬುದನ್ನು ಅಲ್ಲಿ ನಿಂತಾಗ ಮರೆಯಲಾಗುವುದಿಲ್ಲ, ಮರೆಯಲೂಬಾರದು.

ಒಳಗೆ ನಡೆಯುವ ಕೆಲಸದ ಮೊದಲ ಹಂತವನ್ನು ನಿಮ್ಮ ತಾಯಿಯವರು ಮನೆಯಲ್ಲೇ ಮಾಡಿರುತ್ತಾರೆ. ಮಗುವಿನ ಗಂಜಿಗೆಂದು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಿಳಿಯ ಮೊಳಕೆ ಇಣುಕಿದೊಡನೆ ಒಣಗಿಸಿ ಹುರಿದು ಬೀಸುತ್ತೇವಲ್ಲ, ಬಾರ್ಲಿಯನ್ನು ಹಾಗೆಯೇ ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದೇ ಮಾಲ್ಟ್. ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದರೆ ಕಟುಂ ಎಂದು ಮುರಿದು, ಹುರಿದ ಕಾಳಿನ ಪರಿಮಳದ ಹಿಂದೆಯೇ ಸಣ್ಣಗೆ ಸಿಹಿಯಾಗುತ್ತದೆ. ಇದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಇಟ್ಟಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಬಿಸಿ ಹೆಚ್ಚಾದರೆ ಆ ಕೆಲಸ ಮಾಡುವ ಕಿಣ್ವಗಳೇ ಸಾಯುತ್ತವೆ. ಸೋಸಿದ ಸಿಹಿನೀರನ್ನು ದೊಡ್ಡ ಹಂಡೆಗಳಲ್ಲಿ ಹಬೆಯಿಂದ ಕುದಿಸುವಾಗ ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕುತ್ತಾರೆ. ಬಿಯರಿನ ಕಹಿ ಅದರದ್ದು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಈ ಬಳ್ಳಿಯನ್ನು ಬೆಳೆಯುತ್ತಾರೆ. ಕುದಿದದ್ದನ್ನು ತಣ್ಣಗಾಗಿಸಿ ಯೀಸ್ಟ್ ಬೆರೆಸಿದರೆ, ದೋಸೆ ಹಿಟ್ಟು ರಾತ್ರಿ ಉಕ್ಕಿದ ಹಾಗೆ ನೊರೆಯೇಳುತ್ತದೆ. ಆದರೆ ಲಾಗರ್ ಎಂಬ ಬಗೆಯ ಬಿಯರಿಗೆ 10 ಡಿಗ್ರಿಯ ಆಸುಪಾಸಿನ ಚಳಿ ಬೇಕು, ಆಮೇಲೆ ಇನ್ನೂ ತಣ್ಣಗೆ ವಾರಗಟ್ಟಲೆ ಇಡಬೇಕು. ಸೋಸಿ ಉಳಿದ ಕಾಳಿನ ಹಿಂಡಿ ದನಗಳ ಮೇವಾಗುತ್ತದೆ.

ಇನ್ನು ಅನುಮತಿಯ ವಿಷಯ. ಬ್ರೂವರಿಗಳು ಅಬಕಾರಿ ಇಲಾಖೆಯ ನಿಗಾದಲ್ಲಿರುವುದರಿಂದ, ಬಾಗಿಲಿಗೆ ಹೋಗಿ ಕೇಳಿದೊಡನೆ ಒಳಗೆ ಬಿಡುತ್ತಾರೆಂದು ನಂಬಿಕೊಂಡು ಹೊರಡಬೇಡಿ. ಹಲವು ವರ್ಷಗಳ ಹಿಂದೆ ಬೇರೊಂದು ಗುಡ್ಡದೂರಿನ ಬ್ರೂವರಿಗೆ ನಾನು ಪತ್ರವಿಲ್ಲದೆ ಹೋಗಿ, ಎರಡು ಗಂಟೆ ಗೇಟಿನ ಬಳಿ ಕಾದು ಹಾಗೆಯೇ ಹಿಂದಿರುಗಿದ್ದೇನೆ. ಜೊತೆಗಿದ್ದ ಹಿರಿಯರ ಮುಖ ಬಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಒಂದು ತಿಂಗಳು ಮುಂಚಿತವಾಗಿ ಕಾರ್ಖಾನೆಗೆ ಪತ್ರ ಬರೆಯಿರಿ; ತಂದೆಯವರ ವಯಸ್ಸು, ಅವರು ಮಾಡಿದ ಕೆಲಸ, ಬರುವವರ ಸಂಖ್ಯೆ, ದಿನಾಂಕ ಎಲ್ಲವನ್ನೂ ತಿಳಿಸಿ. ಬಾಯ್ಲರ್ ನೋಡಿಕೊಂಡವರು ಎಂಬ ಒಂದು ಸಾಲು ಶಿಫಾರಸು ಪತ್ರಕ್ಕಿಂತ ಹೆಚ್ಚು ಕೆಲಸ ಮಾಡೀತು ಎಂಬುದು ನನ್ನ ನಂಬಿಕೆ. ಅನುಮತಿ ಸಿಕ್ಕರೆ, ನೆಲ ಸದಾ ಒದ್ದೆಯಾಗಿರುವುದರಿಂದ ಜಾರದ ಬೂಟು ಹಾಕಿಸಿ. ಹುದುಗು ಬರುವ ತೊಟ್ಟಿಗಳ ಬಳಿ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೆಳಗೆ ಮಡುಗಟ್ಟುವುದುಂಟು. ಅಲ್ಲಿ ಯಾರೂ ಬಗ್ಗಿ ನೋಡಬಾರದು. ಅನುಮತಿ ಸಿಗದಿದ್ದರೂ ಆ ದಾರಿ ವ್ಯರ್ಥವಲ್ಲ. 1903ರಲ್ಲಿ ಆರಂಭವಾದ, 96 ಕಿಲೋಮೀಟರ್ ಉದ್ದದ ಈ ರೈಲುಮಾರ್ಗ 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದು ಕಿಲೋಮೀಟರಿಗೂ ಮಿಕ್ಕಿದ ಬರೋಗ್ ಸುರಂಗವನ್ನು ದಾಟಿದ ಮೇಲೆ ಸೋಲನ್, ಅದರ ಮುಂದೆ ಬ್ರೂವರಿ ನಿಲ್ದಾಣ. ನೀವು ಸೋಲನ್‌ನಲ್ಲಿಯೇ ಇಳಿದು ಟ್ಯಾಕ್ಸಿ ಹಿಡಿಯುವುದು ಅನುಕೂಲ.

ಊಟದ ಬಗ್ಗೆ ಚಿಂತೆ ಬೇಡ. ಹಿಮಾಚಲದ ಹಬ್ಬದೂಟವಾದ ‘ಧಾಮ್’ ನಮ್ಮ ಮದುವೆಯ ಪಂಕ್ತಿಯಂತೆಯೇ ನೆಲದ ಮೇಲೆ ಸಾಲಾಗಿ ಕೂತು, ಎಲೆಯಲ್ಲಿ ಬಡಿಸಿಕೊಂಡು ಉಣ್ಣುವ ಊಟ. ಸಾಂಪ್ರದಾಯಿಕವಾಗಿ ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಅನ್ನ, ಬೇಳೆ, ಮೊಸರಿನಲ್ಲಿ ಬೇಯಿಸಿದ ಕಾಳಿನ ‘ಮದ್ರಾ’, ಹುಳಿಸಿಹಿ ಬೆರೆತ ‘ಖಟ್ಟಾ’, ಕೊನೆಗೆ ಸಿಹಿ ಅನ್ನ. ಸಾಸಿವೆ ಎಣ್ಣೆಯ ವಾಸನೆ ನಮ್ಮವರಿಗೆ ಮೊದಲು ಒಗ್ಗದಿರಬಹುದು. ಎರಡು ತುತ್ತು ತಾಳಿಕೊಳ್ಳಿ. ಇದು ಸಮಾರಂಭದ ಊಟವಾದ್ದರಿಂದ ಎಲ್ಲ ಹೋಟೆಲುಗಳಲ್ಲಿ ದಿನಾಲೂ ಇರುವುದಿಲ್ಲ. ಹಿಂದಿನ ದಿನವೇ ತಂಗುವಲ್ಲಿ ವಿಚಾರಿಸಿ. ಸಿಗದಿದ್ದರೆ ರಾಜ್ಮಾ ಅನ್ನ, ಕಢಿ ಅನ್ನ ಸುಲಭವಾಗಿ ದೊರೆಯುತ್ತವೆ. ಸೋಲನ್ ಅಣಬೆಗೆ ಹೆಸರಾದ ಊರು, ಅಣಬೆ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯೂ ಅಲ್ಲಿಯೇ ಇದೆ. ಮನೆಯಲ್ಲಿ ಅಣಬೆ ನಡೆಯದಿದ್ದರೆ ಪಲ್ಯ, ಸೂಪುಗಳನ್ನು ತರಿಸುವ ಮುನ್ನ ಕೇಳಿಕೊಳ್ಳಿ.

ನನ್ನ ಆಯ್ಕೆ ಮಾತ್ರ ‘ಸಿಡ್ಡು’. ಯೀಸ್ಟ್ ಹಾಕಿ ಹುದುಗು ಬರಿಸಿದ ಗೋಧಿ ಹಿಟ್ಟಿನೊಳಗೆ ಗಸಗಸೆ, ಅಕ್ರೋಟು ಅಥವಾ ಉದ್ದಿನ ಹೂರಣ ತುಂಬಿ ನಮ್ಮ ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿಯಿರುವಾಗಲೇ ಮುರಿದು, ಒಳಗಿನಿಂದ ಹೊಗೆಯಾಡುತ್ತಿರುವಾಗ ಮೇಲೆ ತುಪ್ಪ ಸುರಿಸಿಕೊಂಡು ತಿನ್ನಬೇಕು. ಬೆಣ್ಣೆ ದೋಸೆಯ ಊರಿನವರಾದ ನೀವು ತುಪ್ಪ ಇನ್ನಷ್ಟು ಹಾಕಿ ಎಂದು ಕೇಳಲು ಸಂಕೋಚಪಡುವುದು ಬೇಡ. ಅಲ್ಲಿನವರೂ ಅದನ್ನು ಹಾಗೆಯೇ ತಿನ್ನುತ್ತಾರೆ.