11 ವರ್ಷದ ಮಗಳು ಮನೇಲಿ ಪಾರ್ಟಿ ಮಾಡ್ತೀನಿ, ದೊಡ್ಡವರು ಯಾರೂ ಇರಬಾರದು ಅಂತಾಳೆ. ಏನು ಕಟ್ಟುಪಾಡು ಹಾಕಲಿ?

ಅರ್ಧ ಒಪ್ಪಿಕೊಳ್ಳಿ. ನಮ್ಮದು ದಾವಣಗೆರೆ ವಿದ್ಯಾನಗರ. ಹೋದ ವರ್ಷ ಮಗನಿಗೆ 12 ತುಂಬಿದಾಗ ನಾನೂ ಇದೇ ಪೇಚಿಗೆ ಸಿಕ್ಕಿದ್ದೆ. ಹಾಲ್ ನಿಮ್ಮದು, ಅಡುಗೆಮನೆ ನನ್ನದು, ಯಾವ ಬಾಗಿಲಿಗೂ ಚಿಲಕ ಬೀಳಬಾರದು ಅಂತ ಮಾತಾಯಿತು. ನೀರು, ಚಟ್ನಿ ಅಂತ ನೆಪ ಮಾಡಿಕೊಂಡು ಆಗಾಗ ಇಣುಕಿದೆ ಅನ್ನಿ. ನಮ್ಮ ತಾರಸಿಯ ಗೋಡೆ ಮೊಣಕಾಲೆತ್ತರ ಮಾತ್ರ, ಹಾಗಾಗಿ ಅದರ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಚೌಕಾಸಿಯೇ ಇಲ್ಲದ್ದು ಒಂದಿದೆ: ಸ್ನೋ ಸ್ಪ್ರೇ. ಅದರ ಹಿಂದಿನ ವರ್ಷ ಕೇಕ್ ಮೇಲೆ ಮೇಣದಬತ್ತಿ ಉರೀತಿರುವಾಗಲೇ ಒಬ್ಬ ಹುಡುಗ ಅದನ್ನು ಒತ್ತಿಬಿಟ್ಟ. ಭಗ್ಗಂತ ಬೆಂಕಿ ಎದ್ದು ನನ್ನ ಮಗನ ಹಣೆಗೂದಲು ಸುಟ್ಟಿತು. ಪುಣ್ಯಕ್ಕೆ ಕಣ್ಣಿಗೇನೂ ಆಗಲಿಲ್ಲ. ಅಂಥ ಡಬ್ಬಿಗಳಲ್ಲಿ ನೊರೆಯನ್ನು ಹೊರಕ್ಕೆ ತಳ್ಳೋದು ಹೆಚ್ಚಾಗಿ ಬ್ಯೂಟೇನ್, ಪ್ರೊಪೇನ್, ಅಂದರೆ ನಮ್ಮ ಒಲೆಯ ಸಿಲಿಂಡರಿನಲ್ಲಿರೋದೇ. ಈಗ ಸ್ಪ್ರೇ ಗೇಟಿನ ಒಳಗೇ ಬರಂಗಿಲ್ಲ. ಬಲೂನಿಗೂ ಕೈಪಂಪಿನ ಗಾಳಿಯೇ. ತೇಲೋ ಬಲೂನಿಗೆ ಹೈಡ್ರೋಜನ್ ತುಂಬಿಸಿದ್ದರೆ ಅದೂ ದೀಪಕ್ಕೆ ತಗುಲಿ ಹೊತ್ಕೊಳ್ಳುತ್ತೆ.

ಫೋನುಗಳೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹೋದವು. ಇನ್‌ಸ್ಟಾಗ್ರಾಂ ಖಾತೆಗೇ 13 ತುಂಬಿರಬೇಕು, ಆದರೂ ಒಬ್ಬರಿಗಿಂತ ಒಬ್ಬರು ಅದರಲ್ಲಿ ಪಳಗಿದ್ದಾರೆ! ಫೋಟೊ ನಾನೇ ತೆಗೆದು ಆಯಾ ಅಪ್ಪ-ಅಮ್ಮನಿಗೆ ಮಾತ್ರ ಕಳಿಸಿದೆ.

ನಾನು ಎಡವಿದ್ದು ಸಮಯದಲ್ಲಿ. 4 ಗಂಟೆಗೆ ಬನ್ನಿ ಅಂದೆ, ಹೋಗೋದು ಎಷ್ಟಕ್ಕೆ ಅಂತ ಹೇಳಲಿಲ್ಲ. ಒಬ್ಬ ಹುಡುಗನ ಅಪ್ಪ ಬಂದಿದ್ದು ರಾತ್ರಿ 9ಕ್ಕೆ. ಅಷ್ಟೊತ್ತೂ ಆ ಮಗು ಗೇಟ್ ನೋಡ್ತಾ ಕೂತಿತ್ತು, ಹೊಟ್ಟೆ ಚುರ್ ಅಂತು. ಯಾರು ಕರ್ಕೊಂಡು ಹೋಗ್ತಾರೆ, ಎಷ್ಟೊತ್ತಿಗೆ ಅನ್ನೋದನ್ನ ನೀವು ಮೊದಲೇ ಕೇಳಿಕೊಳ್ಳಿ.

ತಿಂಡಿ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಮ್ಮಲ್ಲಿ ಕೇಕ್ ಮಿಕ್ಕಿತು, ಮಂಡಕ್ಕಿ-ಮಿರ್ಚಿ ಒಂದು ತುಣುಕೂ ಉಳೀಲಿಲ್ಲ.

ಇನ್ನೊಂದು. ಇವನ್ನೆಲ್ಲ ಅವಳ ಗೆಳತಿಯರ ಮುಂದೆ ನೀವು ಓದಿ ಹೇಳಬೇಡಿ, ಅವಳಿಗೆ ಅವಮಾನ ಆಗುತ್ತೆ. ಹಿಂದಿನ ದಿನವೇ ಕೂತು ಅವಳ ಕೈಲೇ ಬರೆಸಿ, ಅವಳೇ ಹೇಳಲಿ. ನನ್ನ ಮಗ ಬಾಗಿಲಲ್ಲೇ ನಿಂತು, ನಾನು ಹೇಳದೇ ಇದ್ದದ್ದನ್ನೂ ಸೇರಿಸಿಬಿಟ್ಟ: "ಚಪ್ಪಲಿ ಸಾಲಾಗಿ ಬಿಡ್ರೋ, ನಮ್ಮಜ್ಜ ಎಡವಿ ಬೀಳ್ತಾರೆ."