ಕ್ಯಾಜುವಲ್ಟಿಗೆ ಒಬ್ಬರೇ ಬರುವ ಅಜ್ಜ-ಅಜ್ಜಿಯರು

ತಂಗಿ, ದಾವಣಗೆರೆಯಲ್ಲಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿನ ಎಮರ್ಜೆನ್ಸಿ ವಿಭಾಗಕ್ಕೆ ಸೇರುತ್ತಿದ್ದೀಯ. "ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಇರೋ ವಯಸ್ಸಾದವರು ತುಂಬಾ ಬರ್ತಾರಂತೆ, ಅವರನ್ನ ಹೇಗೆ ನೋಡ್ಕೋಬೇಕು ಅಕ್ಕಾ?" ಅಂತ ಕೇಳಿದ್ದೀಯ.

ನಮ್ಮ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಅಜ್ಜನ್ನ ಕರೆತಂದರೆ ಜೊತೆಗೆ ಮಗಳು, ಸೊಸೆ, ಅಳಿಯ ಇರುತ್ತಾರೆ. ಗಂಜಿ ಕುಡಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು, "ಇದು ಆಸ್ಪತ್ರೆ ಕಣಪ್ಪಾ" ಅಂತ ಇಪ್ಪತ್ತು ಸಲ ಹೇಳುವುದು ಎಲ್ಲಾ ಅವರದ್ದೇ. ಇಲ್ಲಿ ಇಂಗ್ಲೆಂಡಿನಲ್ಲಿ ಎಷ್ಟೋ ಜನ ಆಂಬುಲೆನ್ಸಿನಲ್ಲಿ ಒಬ್ಬರೇ ಬರುತ್ತಾರೆ. ಆ ಮೂವರ ಕೆಲಸವೂ ನಿನ್ನ ಪಾಲಿಗೆ ಬರುತ್ತದೆ, ಅದನ್ನು ಚಿಕಿತ್ಸೆಯ ಭಾಗವೆಂದೇ ತಿಳಿ.

ಗೊಂದಲದಲ್ಲಿರುವವರನ್ನು ಕಂಡ ಕೂಡಲೇ "ಅರವತ್ತಕ್ಕೆ ಅರಳು ಮರಳು" ಅಂದುಕೊಳ್ಳಬೇಡ. ಮನೆಗೋ ಕೇರ್ ಹೋಮಿಗೋ ಫೋನ್ ಮಾಡಿ ಒಂದೇ ಮಾತು ಕೇಳು: "ಮೊನ್ನೆಯೂ ಹೀಗೇ ಇದ್ದರಾ?" ಒಂದೆರಡು ದಿನದಲ್ಲಿ ಬದಲಾಗಿದ್ದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ ಇರಬಹುದು, ಹಿಂದೆ ಬೇರೆ ಕಾಯಿಲೆ ಅಡಗಿರುತ್ತದೆ. ಇಲ್ಲಿ ಫೋರ್-ಎ-ಟಿ ಅಂತ ಪರೀಕ್ಷೆ ಮಾಡುತ್ತಾರೆ, ಎರಡು ನಿಮಿಷ ಸಾಕು. ಎಚ್ಚರ ಹೇಗಿದೆ ನೋಡಬೇಕು. ವಯಸ್ಸು, ಹುಟ್ಟಿದ ದಿನ, ಎಲ್ಲಿದ್ದಾರೆ, ಯಾವ ವರ್ಷ ಅಂತ ಕೇಳಬೇಕು. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳಿಸಬೇಕು. ಬದಲಾವಣೆ ದಿಢೀರನೆ ಬಂತೇ ಅಂತ ತಿಳಿಯಬೇಕು. ಏರುಪೇರಿಗೆ ಕೊಡುವ ಅಂಕ ಒಟ್ಟು 4 ಅಥವಾ ಹೆಚ್ಚು ಬಂದರೆ ಡೆಲಿರಿಯಂ ಎಂದು ಅನುಮಾನಿಸಿ ಡಾಕ್ಟರಿಗೆ ಹೇಳು. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಮಂಕಾಗಿ, ಸುಮ್ಮನೆ ಮಲಗಿದವರೇ ತಪ್ಪಿಹೋಗುವುದು.

ಆಮೇಲೆ ಕಾರಣ ಹುಡುಕು. ನೋವು, ಸೋಂಕು, ಮಲಬದ್ಧತೆ, ನೀರು ಸಾಲದ್ದು, ಹೊಸ ಮಾತ್ರೆ. ಮೂತ್ರ ಕಟ್ಟಿದೆಯಾ ಅಂತ ಬ್ಲ್ಯಾಡರ್ ಸ್ಕ್ಯಾನ್ ಮಾಡು, ಇದನ್ನು ಮರೆಯುವುದು ಹೆಚ್ಚು. ಆದರೆ 65 ದಾಟಿದವರಲ್ಲಿ ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ) ನೋಡಿ ಮೂತ್ರದ ಸೋಂಕು ಅಂತ ತೀರ್ಮಾನಿಸಬಾರದು. ಸೋಂಕಿನ ತೊಂದರೆ ಇಲ್ಲದವರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರಬಹುದು, ಅದನ್ನೇ ಕಾರಣ ಅಂದುಕೊಂಡರೆ ನಿಜವಾದ ಕಾರಣ ಅಲ್ಲೇ ಉಳಿದುಬಿಡುತ್ತದೆ. "ನೋವಿದೆಯಾ?" ಅಂದರೆ ಇಲ್ಲ ಅನ್ನಬಹುದು. ಮುಖ ಕಿವುಚುವುದು, ನರಳುವುದು, ಮುಟ್ಟಿದರೆ ಕೈ ತಳ್ಳುವುದನ್ನು ನೋಡಿ ಅಂಕ ಕೊಡುವ ಆಬಿ (Abbey) ಸ್ಕೇಲ್ ಇದೆ, ಅದನ್ನು ಬಳಸು.

ಊರಲ್ಲಿ ಗಾಜ್ ಬ್ಯಾಂಡೇಜಿನಿಂದ ಕೈ ಕಟ್ಟುವುದನ್ನು ಕಂಡಿರಬಹುದು. ಇಲ್ಲಿ ಆ ರೂಢಿ ನಡೆಯುವುದಿಲ್ಲ. ಸ್ವಂತ ನಿರ್ಧಾರ ಮಾಡಲಾಗದವರ ಕುರಿತ 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯ ಪ್ರಕಾರ ಅವರನ್ನು ತಡೆಯುವುದು ಹಾನಿ ತಪ್ಪಿಸಲು ಅಗತ್ಯವಾಗಿರಬೇಕು, ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ನಳಿಕೆ) ಕೀಳುತ್ತಾರೆಂದರೆ ಮೇಲೆ ಬ್ಯಾಂಡೇಜ್ ಸುತ್ತಿ ಕಣ್ಣಿಗೆ ಕಾಣದಂತೆ ಮಾಡು. ಬೆಡ್ ರೇಲ್ ಏರಿಸಿದರೆ ಅದನ್ನೇ ಹತ್ತಿ ಇನ್ನೂ ಎತ್ತರದಿಂದ ಬೀಳಬಹುದು. ಟ್ರಾಲಿ ಪೂರ್ತಿ ತಗ್ಗಿಸಿ ಕಣ್ಣೆದುರಿಗಿಟ್ಟುಕೋ. ಎದ್ದು ಓಡಾಡುವವರು ಬಹಳ ಸಲ ಬಾತ್‌ರೂಮು ಹುಡುಕುತ್ತಿರುತ್ತಾರೆ.

ಶಾಂತಗೊಳಿಸಲು ಹ್ಯಾಲೊಪೆರಿಡಾಲ್ ಎಂಬ ಔಷಧಿ ಬರೆದಿದ್ದರೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಷಿಯಾ ಇದೆಯಾ ಅಂತ ನೋಡದೆ ಕೊಡಬೇಡ. ಅವರಿಗೆ ಮೈ ಸೆಟೆದು ಜೀವಕ್ಕೇ ಅಪಾಯ.

ಮಾತಾಡುವಾಗ ಎದುರಿಗೆ ಕೂತು ಹೆಸರು ಹೇಳು, ಒಂದು ಸಲಕ್ಕೆ ಒಂದೇ ಪ್ರಶ್ನೆ, ಹತ್ತು ಎಣಿಸುವಷ್ಟು ತಾಳು. ನಮ್ಮಲ್ಲಿ "ಅಜ್ಜಿ" ಅನ್ನುವುದು ಪ್ರೀತಿ, ಇಲ್ಲಿ ಯಾವ ಹೆಸರಿಂದ ಕರೆಯಲಿ ಅಂತ ಕೇಳಿಯೇ ಕರೆ. "ದಿಸ್ ಈಸ್ ಮಿ" ಅನ್ನೋ ಹಾಳೆ ತಂದಿದ್ದರೆ ಮೊದಲು ಓದು. ಇಷ್ಟ, ಭಯ, ರೂಢಿ ಎಲ್ಲಾ ಅದರಲ್ಲಿರುತ್ತದೆ. ಗುಜರಾತಿ, ಪಂಜಾಬಿ ಮನೆಮಾತಿನ ಹಿರಿಯರು ಆಮೇಲೆ ಕಲಿತ ಇಂಗ್ಲಿಷನ್ನು ಮೊದಲು ಮರೆಯಬಹುದು, ಫೋನಿನಲ್ಲಿ ದುಭಾಷಿಯನ್ನು ಕರೆಸು. ಮನೆಯವರು ಬಂದರೆ ಹೊರಗೆ ಕಳಿಸಬೇಡ, ಅವರು ಜೊತೆಗಿರಲಿ ಅಂತಲೇ 2014ರಲ್ಲಿ ಜಾನ್ಸ್ ಕ್ಯಾಂಪೇನ್ ಎಂಬ ಅಭಿಯಾನ ಶುರುವಾದದ್ದು.

ನೀರಿನ ಲೋಟ ಮೇಜಿನ ಮೇಲಿಟ್ಟರೆ ಕುಡಿಯುವುದಿಲ್ಲ, ಕೈಗೆ ಕೊಡು. ವಾರ್ಡಿಗೆ ಕಳಿಸುವ ಮೊದಲು ಕನ್ನಡಕ, ಕಿವಿ ಮೆಷಿನ್, ಹಲ್ಲುಸೆಟ್ ಎಣಿಸಿ ಹೆಸರು ಬರೆದ ಡಬ್ಬಿಗೆ ಹಾಕು. ಟಿಶ್ಯೂನಲ್ಲಿ ಸುತ್ತಿಟ್ಟ ಹಲ್ಲುಸೆಟ್ ಊಟದ ತಟ್ಟೆಯ ಜೊತೆ ಕಸಕ್ಕೆ ಹೋಗುತ್ತದೆ, ಹೊಸದು ಬರುವವರೆಗೆ ಅವರಿಗೆ ಅಗಿಯಲಾಗುವುದಿಲ್ಲ.